ಮೂರನೇ ಗ್ಲಾಸಿನ ಪರೀಕ್ಷೆ

ನನ್ನ ಮದುವೆಗೆ ನಾನು ಸ್ವಂತ ಅಣ್ಣನನ್ನೇ ಕರೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ವಿಷಯ ಶುರುವಾದರೆ ಕೇಳುವವರು ನಗಲು ಹತ್ತುತ್ತಾರೆ, ನನ್ನ ತಪ್ಪು ಆ ನಗುವಿನಲ್ಲಿ ಆರಾಮಾಗಿ ಮುಚ್ಚಿಹೋಗುತ್ತದೆ.

ತುಮಕೂರಿನಲ್ಲಿ ಬಾರ್ ಇಟ್ಟವರು ಬೇಕಾದಷ್ಟು ಜನ. ಆದರೆ ಬಂದವರು ಕುಡಿಯದಂತೆ ನೋಡಿಕೊಳ್ಳಲೆಂದೇ ಬಾರ್ ಇಟ್ಟವನು ನಮ್ಮಣ್ಣ ಒಬ್ಬನೇ! ತಾನಂತೂ ಜನ್ಮದಲ್ಲಿ ಒಂದು ತೊಟ್ಟು ಬಾಯಿಗೆ ಹಾಕಿದವನಲ್ಲ. ವಾಸನೆಗೇ ತಲೆ ಸಿಡಿಯುತ್ತದೆಂದು ಹಣೆಗೆ ಮುಲಾಮು ಬಳಿದುಕೊಂಡು ಗಲ್ಲಾದಲ್ಲಿ ಕೂರುತ್ತಿದ್ದ.

ಎಪ್ಪತ್ತರ ದಶಕದ ಕೊನೆ. ಊರೂರು ಸುತ್ತುವ ನಾಟಕ ಕಂಪನಿಗಳು ಟೆಂಟು ಹಾಕುತ್ತಿದ್ದ ಬಯಲಿನ ಹಿಂದೆಯೇ ನಮ್ಮ ಗಲ್ಲಿ. ಬಾರಿನ ಎಡಗಡೆ ವೇಷದ ಬಟ್ಟೆ ಹೊಲಿಯುವ ಟೈಲರು, ಬಲಗಡೆ ಬೋರ್ಡು ಬರೆಯುವ ಪೇಂಟರು, ಮಹಡಿಯ ಮೇಲೆ ಹಾರ್ಮೋನಿಯಂ ಮೇಷ್ಟ್ರು. ಆ ಗಲ್ಲಿಯಲ್ಲಿ ಹಲ್ಲುಜ್ಜುವವರೂ ರಾಗವಾಗಿಯೇ ಉಗುಳುತ್ತಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಅಲ್ಲಿ ಇಲ್ಲಿ ಅಲೆದ ನನ್ನನ್ನು, ಇಪ್ಪತ್ತು ದಾಟಿದ ಮೇಲೆ, ಅಣ್ಣ ಗಿರಾಕಿಗಳಿಗೆ ಗ್ಲಾಸು ತುಂಬುವ ಕೆಲಸಕ್ಕೆ ನಿಲ್ಲಿಸಿದ.

ಅವನದೊಂದು ಕಾನೂನಿತ್ತು. ಎರಡು ಗ್ಲಾಸು ಯಾರಿಗಾದರೂ ಸರಿ. ಮೂರನೆಯದು ಬೇಕೆಂದರೆ ಅವರವರ ಕಸುಬಿನಲ್ಲಿ ಪರೀಕ್ಷೆ ಪಾಸಾಗಬೇಕು. ಪೇಂಟರು ಸೀಮೆಸುಣ್ಣದಲ್ಲಿ ನೆಲದ ಮೇಲೆ ನೆಟ್ಟಗೆ ಗೆರೆ ಎಳೆಯಬೇಕು. ಟೈಲರು ಸೂಜಿಗೆ ದಾರ ಪೋಣಿಸಬೇಕು. ಬಸ್ ಕಂಡಕ್ಟರು ತುಮಕೂರಿನಿಂದ ಹುಲಿಯೂರುದುರ್ಗದವರೆಗೆ ಸ್ಟಾಪುಗಳನ್ನು ಒಂದೂ ಬಿಡದೆ ಒಪ್ಪಿಸಬೇಕು. ಒಬ್ಬ ಕಂಡಕ್ಟರು ಗೂಳೂರು, ನಾಗವಲ್ಲಿ, ಹೆಬ್ಬೂರು ಎಲ್ಲ ಸರಿಯಾಗಿ ಹೇಳಿದ. ಕುಣಿಗಲ್ ಎನ್ನುತ್ತಲೇ ಸೀಟಿ ಊದಿ, ಬಾರಿನ ಮೆಟ್ಟಿಲಿಳಿದು ಹೋದವನು ವಾಪಸು ಬರಲಿಲ್ಲ. ಅವನ ಊರು ಕುಣಿಗಲ್ಲೇ.

ಫೇಲಾದವರಿಗೆ ಎಲೆಯ ಮೇಲೆ ಮೊಸರನ್ನ ಹಾಕಿ ಮನೆಗೆ ಕಳಿಸುವುದು. ಒಗ್ಗರಣೆ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಪೇಂಟರು ಕೆಲವು ದಿನ ಮೊದಲನೇ ಗ್ಲಾಸಿಗೂ ಮುಂಚೆಯೇ ಸೊಟ್ಟ ಗೆರೆ ಎಳೆದು ಎಲೆಯ ಮುಂದೆ ಕೂತುಬಿಡುತ್ತಿದ್ದರು.

ಟೈಲರು ಒಂದು ಸಂಜೆ ಗೋಣಿಚೀಲ ಹೊಲಿಯುವ ದಬ್ಬಳವನ್ನೇ ತಂದರು. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಈ ತೂತಲ್ಲಿ ದಾರ ಯಾಕೆ ಟೈಲರೇ, ನಾನೇ ನುಗ್ಬೋದು. ಎದ್ದೇಳಿ, ಮೊಸ್ರನ್ನ ತಿನ್ನಿ."

ಕಾನೂನು ಮುಗ್ಗರಿಸಿದ್ದು ಗುಬ್ಬಿಯ ಕಡೆಯ ಒಬ್ಬ ನಟನ ಮುಂದೆ. ಭೀಮನ ಪಾತ್ರ ಮಾಡುತ್ತಿದ್ದ ಆತನಿಗೆ ಬರಿಹೊಟ್ಟೆಯಲ್ಲಿ ಎರಡು ಮಾತೂ ನೆನಪಿರುತ್ತಿರಲಿಲ್ಲ. ಎರಡು ಗ್ಲಾಸು ಇಳಿದರೆ ಭೀಮನದಿರಲಿ, ದ್ರೌಪದಿಯ ಮಾತನ್ನೂ ಒಪ್ಪಿಸುತ್ತಿದ್ದ! ಅಣ್ಣ ಮೂರು ದಿನ ಯೋಚಿಸಿ ಈತನಿಗೆ ಮಾತ್ರ ಕಾನೂನು ತಿರುಗಿಸಿದ: ತಡವರಿಸಿದರೆ ಕೊಡು, ಸಲೀಸಾಗಿ ಹೇಳಿದರೆ ಕೊಡಬೇಡ. ಮಾರನೆಯ ದಿನವೇ ಭೀಮ ಕಣ್ಣಲ್ಲಿ ನೀರು ತುಂಬಿಕೊಂಡು, ಒಂದೊಂದು ಅಕ್ಷರಕ್ಕೂ ತೊದಲಿ, ಮೂರನೇ ಗ್ಲಾಸು ಗೆದ್ದ. ಆ ಮನುಷ್ಯ ನಿಜವಾಗಿ ನಟಿಸಿದ್ದನ್ನು ನಾವು ನೋಡಿದ್ದು ಅಂದೇ.

ಇಂಥ ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನೂ ಇವನೇ.

ಕೊತ್ತಗೆರೆಗೆ ಹೆಣ್ಣು ನೋಡಲು ಹೋದಾಗ ನನಗೆ ದಿಗಿಲು ಹತ್ತಿತು. ಬಾರಿನವನ ತಮ್ಮನಿಗೆ ಯಾರು ಹೆಣ್ಣು ಕೊಡುತ್ತಾರೆ? ಕೆಲಸ ಕೇಳಿದರು, ಸೋಡಾ ಕಂಪನಿ ಎಂದೆ. ಆಮೇಲೆ ಹುಡುಗಿಯ ತಂದೆ ಕೇಳಿದರು:

"ಮನೇಲಿ ಹಿರೀಕ್ರು ಯಾರವ್ರಪ್ಪ?"

"ಯಾರೂ ಇಲ್ಲ. ಒಬ್ನೇ."

ಮದುವೆ ಗೊತ್ತಾಯಿತು. ಅಲ್ಲಿ ನಾನು ಅಂದದ್ದನ್ನು ಊರಿಗೆ ಬಂದು ಅಣ್ಣನಿಗೆ ಹೇಳಿದೆ, ಅವನ ಮುಖ ನೋಡದೆ. ಅವನು ಗ್ಲಾಸು ಒರೆಸುವುದನ್ನು ನಿಲ್ಲಿಸಲಿಲ್ಲ.

"ಸರಿ ಬುಡು. ನಾನೂ ಬಂದ್ಬುಟ್ರೆ ಅಂಗ್ಡಿ ಯಾರ್ಲಾ ನೋಡ್ಕೊಳ್ಳೋದು?"

ಮದುವೆಯ ದಿನ ವಾಲಗದವರ ಸಾಲಿನ ಕೊನೆಯಲ್ಲಿ ಶ್ರುತಿಪೆಟ್ಟಿಗೆ ಒತ್ತುವವನೊಬ್ಬ ಕೂತಿದ್ದ. ಬುಟ್ಟಿಯಷ್ಟು ಪೇಟ, ಭೀಮನ ಮೀಸೆ. ಹಣೆಯ ಮೇಲೆ ಮುಲಾಮು ಹೊಳೆಯುತ್ತಿತ್ತು. ಮಾಂಗಲ್ಯ ಕಟ್ಟುವ ಹೊತ್ತಿಗೆ ಬೆವರಿಗೆ ಮೀಸೆಯ ಒಂದು ಕಡೆ ಕಿತ್ತು ಗಲ್ಲಕ್ಕೆ ಇಳಿದಿತ್ತು. ಎರಡೂ ಕೈ ಪೆಟ್ಟಿಗೆಯ ಮೇಲೆ, ಪಾಪ, ಹೇಗೆ ಮೇಲೆತ್ತಿಕೊಳ್ಳಬೇಕು?

"ಅಳಿಯಂದ್ರೇ, ಆ ಶ್ರುತಿಯೋನು ಯಾಕಿಂಗೆ ಅಳ್ತಾವ್ನೆ?" ಎಂದರು ಮಾವ.

"ಹೋಮದ ಹೊಗೆ, ಮಾವ" ಎಂದೆ.

ವಾಲಗದವರಿಗೆ ತಾಂಬೂಲ ಕೊಡುತ್ತ ಅವನ ಮುಂದೆ ನಿಂತೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಅವನೇ ನನ್ನ ಕಷ್ಟ ನೋಡಲಾರದೆ, ಎರಡೂ ಕೈ ಒಡ್ಡಿ, "ಒಳ್ಳೇದಾಗ್ಲಿ ಸ್ವಾಮಿ" ಎಂದುಬಿಟ್ಟ.

ಒಂದು ವಾರ ಬಿಟ್ಟು ಕೆಲಸಕ್ಕೆ ಹೋದೆ.

"ಮದ್ವೆ ಚೆನ್ನಾಗ್ ಆಯ್ತೇನ್ಲಾ?"

"ಆಯ್ತಣ್ಣ."

"ವಾಲಗ?"

"ಶ್ರುತಿ ಚೆನ್ನಾಗಿತ್ತು."

"ಹ್ಞೂಂ. ಹೊಗೆ ಜಾಸ್ತಿ ಇತ್ತಂತೆ" ಎಂದು ಒಳಗೆ ಹೋದ.

ನನ್ನ ಹೆಂಡತಿಗೆ ತಿಂಗಳೊಳಗೆ ಎಲ್ಲ ಗೊತ್ತಾಯಿತು. ಅವಳು "ಭಾವ, ಭಾವ" ಎಂದು ದಿನಾ ಸಾರು ಕಳಿಸುತ್ತಿದ್ದಳು, ತವರಿಗೆ ಮಾತ್ರ ಸುದ್ದಿ ಮುಟ್ಟಿಸಲಿಲ್ಲ. ಹೀಗೇ ಎಂಬತ್ತರ ದಶಕ ಅರ್ಧ ಕಳೆಯಿತು. ಅಣ್ಣನ ಒತ್ತಾಯಕ್ಕೆ ಉಪ್ಪಾರಹಳ್ಳಿಯಲ್ಲಿ ನನ್ನದೇ ಒಂದು ಬಾರ್ ತೆರೆದೆ. ಮಾವನಿಗೆ ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅವರೇನು ಅಂದರು ಗೊತ್ತೇ?

"ಬಾರಾ? ಒಳ್ಳೇ ವ್ಯಾಪಾರ. ಮೊದ್ಲೇ ಮಾಡ್ಬಾರ್ದಿತ್ತಾ?"

ಯಾರ ಭಯಕ್ಕೆ ನಾನು ಅಣ್ಣನನ್ನೇ ಇಲ್ಲ ಅಂದಿದ್ದೆನೋ ಆ ಮನುಷ್ಯ ಬಾರ್ ತೆರೆಯುವ ದಿನ ಪೂಜೆಗೂ ಮುಂಚೆಯೇ ಎರಡು ಬಾಟಲು ಆರಿಸಿ ಚೀಲಕ್ಕೆ ಹಾಕಿಕೊಂಡಿದ್ದರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪೂಜೆಯ ಐನೋರು, "ಮನೆಗೆ ಹಿರಿಯರಾದವರು ಬಂದು ದೀಪ ಹಚ್ಚಿ" ಎಂದರು. ಅಳಿಯನಿಗೆ ಯಾರೂ ಇಲ್ಲವಲ್ಲ ಎಂದು ಮಾವ ಪಂಚೆ ಸರಿಮಾಡಿಕೊಂಡು ಮುಂದೆ ಬಂದರು. ಅಣ್ಣ ಎಲ್ಲಿದ್ದ? ಹಿಂದಿನ ಕೋಣೆಯಲ್ಲಿ ಕೆಲಸದವರ ನಡುವೆ ಕೂತು ಹೊಸ ಗ್ಲಾಸುಗಳನ್ನು ತೊಳೆಯುತ್ತಿದ್ದ.

"ಒಸಿ ನಿಲ್ಲಿ ಮಾವ" ಎಂದು ಒಳಗೆ ಹೋಗಿ ಅವನ ಒದ್ದೆ ಕೈ ಹಿಡಿದು ಎಳೆದುಕೊಂಡು ಬಂದೆ. "ಬುಡ್ಲಾ, ಜನ ನೋಡ್ತಾವ್ರೆ" ಎಂದು ಅವನು ಕೊಸರಾಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂದೇ ನಾನು ಗಟ್ಟಿಯಾಗಿ ಹೇಳಿದೆ:

"ಮಾವ, ಇವ್ನು ನಮ್ಮಣ್ಣ. ನನ್ನ ಸಾಕ್ದೋನು. ಅಣ್ಣ, ಮದ್ವೆಗೆ ನಿನ್ನ ಕರೀಲಿಲ್ಲ. ನನಗೆ ಯಾರೂ ಇಲ್ಲ ಅಂತ ಬೇರೆ ಅಂದ್ಬುಟ್ಟೆ. ತಪ್ಪಾಯ್ತು ಕಣಣ್ಣ."