ಹಿಮ ಬೀಳದ ಊರಿನ ಪೆಟೂನಿಯ

ಸಸಿ ತಟ್ಟೆಗೆ ಅಂಟಿಸಿದ್ದ ಚೀಟಿಯೇ ಮುರುಗೆಪ್ಪನನ್ನು ಕೆಡಿಸಿತು. ‘ಹಿಮ ಬೀಳುವ ಭಯ ಕಳೆದ ಮೇಲೆ ನೆಡಿ’ ಎಂದು ಅದರಲ್ಲಿತ್ತು. ಅಬುಧಾಬಿಯ ಮರಳುಗಾಡಿನ ಊರು ಮದೀನತ್ ಜಾಯೆದಿನಲ್ಲಿ ಹಿಮವನ್ನು ಮುದಿ ಒಂಟೆಗಳೂ ಕಂಡಿರಲಿಲ್ಲ. ಸೆಪ್ಟೆಂಬರಿನ ಶುಕ್ರವಾರ ಬೆಳಿಗ್ಗೆ, ಕಂಪನಿ ಕೊಟ್ಟ ಪುಟ್ಟ ವಿಲ್ಲಾದ ಅಂಗಳದಲ್ಲಿ, ಆಗಲೇ ಹೂ ಬಿಟ್ಟಿದ್ದ ಪೆಟೂನಿಯಗಳನ್ನು ಧೈರ್ಯವಾಗಿ ನೆಟ್ಟುಬಿಟ್ಟ.

ಪಕ್ಕದ ಮನೆಯ ಮಂಗಳೂರಿನ ಗೇಬ್ರಿಯಲ್ ಗೋಡೆಯಾಚೆಯಿಂದ ಇಣುಕಿದ. “ಎಂತ ಮಾರಾಯ್ರೆ ಇದು! ನವೆಂಬರ್‌ವರೆಗೆ ಕಾಯ್ಲಿಕ್ಕೆ ಆಗ್ಲಿಲ್ವಾ? ಸುಟ್ಟು ಹೋಗ್ತದೆ!”

“ಸಂಜಿಗೆ ಹೆಂಡ್ತಿ ಬರಾಕತ್ತಾಳ್ರೀ. ಮನಿ ಮುಂದ ಹೂವಿನ ತ್ವಾಟ ಐತಿ ಅಂತ ಫೋನಿನ್ಯಾಗ ಹೇಳಿಬಿಟ್ಟೇನಿ.”

ವರ್ಷಗಟ್ಟಲೆ ಕಾರ್ಮಿಕರ ಕ್ಯಾಂಪಿನ ಅಟ್ಟಮಂಚದಲ್ಲಿ ಮಲಗಿದವನಿಗೆ ಫ್ಯಾಮಿಲಿ ವೀಸಾ, ವಿಲ್ಲಾ ಎರಡೂ ಈಗಷ್ಟೇ ಸಿಕ್ಕಿದ್ದವು.

ಮಧ್ಯಾಹ್ನಕ್ಕೆ ಸಸಿಗಳು ಪರೀಕ್ಷೆಯಲ್ಲಿ ಫೇಲಾದ ಮಕ್ಕಳಂತೆ ಕತ್ತು ಬಗ್ಗಿಸಿದವು. ಮುರುಗೆಪ್ಪ ಗಾಬರಿಯಲ್ಲಿ ಪೈಪು ಹಿಡಿದ. ಬಿಸಿಲಿಗೆ ಕಾದ ಮಾಳಿಗೆಯ ಟ್ಯಾಂಕಿನಿಂದ ಕುದಿನೀರೇ ಬಂತು. ಒಂದು ಸಾಲು ಅಲ್ಲೇ ಮಲಗಿತು.

“ನೀರು ಹಾಕಿದ್ದಾ, ಸೊಪ್ಪು ಬೇಯಿಸಿದ್ದಾ?” ಎನ್ನುತ್ತ ಗೇಬ್ರಿಯಲನ ಹೆಂಡತಿ ಜೋಸ್ಫಿನ್ ಫ್ರಿಜ್ಜಿನ ಐಸೆಲ್ಲ ಬಕೆಟ್ಟಿಗೆ ಸುರಿದು ತಂದಳು. ನೆರಳಿಗೆಂದು ಕಟ್ಟಿದ ಬೆಡ್‌ಶೀಟನ್ನು ಗಾಳಿ ಕಿತ್ತುಕೊಂಡು ಹೋಗಿ ಮಸೀದಿಯ ಬೇಲಿಗೆ ಸಿಕ್ಕಿಸಿತು. ಇನ್ನೊಂದನ್ನು ಗಂಡಸರಿಬ್ಬರೂ ಎರಡು ತುದಿ ಹಿಡಿದು, ಮದುವೆಯ ಅಂತರಪಟ ಹಿಡಿದವರಂತೆ ಬಿಸಿಲಿಗೆ ಅಡ್ಡ ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದ ಬಿಳಿ ಕಾರೊಂದು ನಿಂತು, ನೋಡಿ, ಮುಂದೆ ಹೋಯಿತು. ಸಸಿ ಬಿಟ್ಟು ಏರ್‌ಪೋರ್ಟಿಗೆ ಹೋಗಲಾಗದೆ ಮುರುಗೆಪ್ಪ ಹೆಂಡತಿಗೆ ಟ್ಯಾಕ್ಸಿ ಕಳಿಸಿದ.

ಹೊತ್ತು ಇಳಿದಾಗ ಉಳಿದ ಸಸಿಗಳು ಮೆಲ್ಲಗೆ ತಲೆ ಎತ್ತಿದವು. ಟ್ಯಾಕ್ಸಿ ಬಂತು. ಪಾರ್ವತೆವ್ವ ಗಂಡನ ಮುಖಕ್ಕಿಂತ ಮೊದಲು ಹೂವನ್ನೇ ನೋಡಿದಳು. “ಅಯ್ಯ, ಎಷ್ಟ್ ಚಂದ ಅದಾವ್ರೀ!”

ಅವಳ ಬೆನ್ನಿಗೇ ಕಂಪನಿಯ ಮನೆಗಳನ್ನು ನೋಡಿಕೊಳ್ಳುವ ಉಮರ್ ಬಂದಿಳಿದು ಕೈ ಕುಲುಕಿದ. ಹಿಂದಿಯಲ್ಲಿ ಹೇಳಿದ: “ಮಬ್ರೂಕ್, ಶುಭಾಶಯ ಮುರುಗೆಪ್ಪ! ಹೊಸ ಮ್ಯಾನೇಜರರ ಹೆಂಡತಿ ಮಧ್ಯಾಹ್ನ ಕಾರಿನಿಂದ ನಿನ್ನ ತೋಟ ನೋಡಿದರಂತೆ. ಈ ಮನೆಯೇ ಬೇಕು ಅಂದಿದ್ದಾರೆ.”

“ಮತ್ತೆ ನಾನು?”

“ಸದ್ಯಕ್ಕೆ ಕ್ಯಾಂಪು. ಫ್ಯಾಮಿಲಿಗೆ ಬೇರೆ ಮನೆ ಖಾಲಿ ಇಲ್ಲ, ನಿನ್ನ ಹೆಂಡತಿ ಊರಿಗೆ ವಾಪಸು ಹೋಗಬೇಕಾದೀತು. ಆದರೆ ಗಿಡಕ್ಕೆ ನೀನೇ ದಿನಾ ಬಂದು ನೀರು ಹಾಕಬೇಕಂತೆ. ನಿನ್ನ ಕೈಗುಣ ಅವರಿಗೆ ಬಹಳ ಹಿಡಿಸಿದೆ. ಖಲಾಸ್.”

ಉಮರ್ ಹೋದ. ಹಿಂದಿ ತಿಳಿಯದ ಪಾರ್ವತೆವ್ವ ಟ್ರಂಕಿನ ಮೇಲೆ ಕೂತು ಬೆವರು ಒರೆಸಿಕೊಂಡಳು.

“ಏನಂದ್ರರೀ ಅವರು?”

ಮುರುಗೆಪ್ಪ ಬೆಡ್‌ಶೀಟ್ ಮಡಚತೊಡಗಿದ.

“ಹೂವು ಭಾಳ ಚಂದ ಬಂದಾವಂತ.”