ಹಿಟ್ಟಿನ ಚೀಲಕ್ಕೆ ಜೋಗುಳ

ನನಗೆ ಬೀಳುವ ಭಯಕ್ಕಿಂತ, ಬಿದ್ದದ್ದನ್ನು ಯಾರಾದರೂ ನೋಡಿಯಾರೆಂಬ ಭಯವೇ ಹೆಚ್ಚು. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಕುಳಿತಾಗಲೂ ಮೊದಲು ನೋಡಿದ್ದು ಬಾಗಿಲನ್ನು, ಆಮೇಲೆ ಮೊಣಕಾಲನ್ನು. ಆದರೆ ಧಪ್ಪೆಂಬ ಸದ್ದನ್ನು ಸೆರಗಿನಲ್ಲಿ ಮುಚ್ಚಲು ಬರುವುದಿಲ್ಲವಲ್ಲ! ಮಗ ಓಡಿ ಬಂದ. ಮರುದಿನವೇ ಹಿಡಿದುಕೊಂಡು ಏಳಲೆಂದು ಬಚ್ಚಲಿನ ಗೋಡೆಗೆ ಸ್ಟೀಲಿನ ಸರಳು ಹಾಕಿಸಿದ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಅಂಥ ಗಟ್ಟಿ ಸರಳಿನ ಉಪಯೋಗ ತಿಳಿಯದಷ್ಟು ದಡ್ಡಳಲ್ಲ. ಹಿಂಡಿದ ಸೀರೆ, ನಮ್ಮವರ ಧೋತರ, ಎರಡು ಟವೆಲು ಎಲ್ಲ ಅದರ ಮೇಲೆ ಸೊಗಸಾಗಿ ಹಿಡಿದವು. ನನ್ನ ಕೈಗೆ ಮಾತ್ರ ಜಾಗ ಉಳಿಯಲಿಲ್ಲ.

ಅಷ್ಟರಲ್ಲಿ ಸೊಸೆ ಶೈಲಾ ಐದು ತಿಂಗಳ ಕೂಸನ್ನು ಎತ್ತಿಕೊಂಡು ತವರಿನಿಂದ ಬಂದಳು. ನನ್ನ ಮೊಮ್ಮಗಳು! ಸಪ್ತಾಪುರದ ನಮ್ಮ ಓಣಿಗೆಲ್ಲ ಪೇಢೆ ಹಂಚಿದೆ. ಬಾಡಿಗೆ ಕೋಣೆಯ ಕಾಲೇಜು ಹುಡುಗಿಯರು ಬೇಡವೆಂದರೂ ಬಾಯಿಗೆ ತುರುಕಿದೆ. ತಿರುಗಿ ಬರುವಷ್ಟರಲ್ಲಿ ಶೈಲಾ ನನ್ನ ಒದ್ದೆ ಸೀರೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. “ಅತ್ತಿ, ಈ ಸರಳು ನಿಮಗ ಹಾಕ್ಸಿದ್ದೋ, ನಿಮ್ಮ ಸೀರಿಗೋ?” “ಸೀರೀನೂ ಜಾರಬಾರದಲ್ಲವಾ” ಎಂದೆ. ಅವಳು ನಗಲಿಲ್ಲ. “ಕೂಸಿನ್ನ ಕುಂತ ಆಡಸ್ರಿ. ಎತಗೊಂಡು ಅಡ್ಡಾಡೂದು ನಿಮ್ಮ ಕಾಲು ಗಟ್ಟಿ ಆದಮ್ಯಾಲ. ಕೈ ಊರದನ ಖುರ್ಚಿಯಿಂದ ಹತ್ತು ಸಲ ಎದ್ದು ತೋರಸ್ರಿ, ಆಮ್ಯಾಲ ನೋಡೂಣು.”

ಮೊಮ್ಮಗಳಿಗೆ ಓಣಿ ತೋರಿಸದ ಅಜ್ಜಿ ಎಂಥ ಅಜ್ಜಿ? ಸೀರೆಯನ್ನು ಹಿತ್ತಲ ಹಗ್ಗಕ್ಕೆ ಕಳಿಸಿ ನಾನು ಸರಳು ಹಿಡಿದೆ. ಬಚ್ಚಲ ನೆಲ ಒರೆಸಿದೆ. ಖುರ್ಚಿಯಿಂದ ಎದ್ದೆ, ಕುಳಿತೆ. ಮೊದಲ ದಿನ ನಾಲ್ಕನೇ ಸಲಕ್ಕೇ ಮನೆದೇವರು ನೆನಪಾದ. ಆಮೇಲೆ ಕೂಸಿನ ತೂಕದ ಜೋಳದ ಹಿಟ್ಟಿನ ಚೀಲವನ್ನು ಎದೆಗಪ್ಪಿಕೊಂಡು, ಹಾಡುತ್ತ ಪಡಸಾಲೆಯಲ್ಲಿ ಅಡ್ಡಾಡತೊಡಗಿದೆ. ಪಕ್ಕದ ಮನೆಯ ಮೆಹಬೂಬಿ ಬಾಗಿಲಲ್ಲಿ ನಿಂತು, “ಏನ್ರೀ ಅಕ್ಕಾ, ಹಿಟ್ಟಿಗೆ ಜೋಗುಳಾ ಹಾಡಾಕತ್ತೀರಿ?” ಎಂದಳು. “ಸುಮ್ನಿರವಾ, ಈಗರ ಕಣ್ಣು ಮುಚ್ಚೇತಿ” ಎಂದೆ.

ಮೂರು ವಾರಕ್ಕೆ ಹತ್ತೂ ಸಲ ಎದ್ದೆ. ಎಣಿಸುತ್ತ ನಿಂತಿದ್ದ ಶೈಲಾ ಕೂಸನ್ನು ನನ್ನ ತೋಳಲ್ಲಿಟ್ಟು, “ಹೋಗ್ರಿ ಅತ್ತಿ, ಬಾಗಿಲತನಕ ಹೋಗಿ ಬರ್ರಿ” ಎಂದಳು. ಕೂಸು ನನ್ನ ಮೂಗು ಹಿಡಿದು ನಕ್ಕಿತು. ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ದಿವಾನದ ಮೇಲೆ ಕುಳಿತುಬಿಟ್ಟೆ.

“ಯಾಕ್ರಿ, ಕಾಲು ನಡುಗಿದ್ವೇನು?”

“ಕಾಲು ಛಲೋ ಅದಾವು. ಕಣ್ಣಾಗ ನೀರು ತುಂಬಿ ನೆಲಾನ ಕಾಣವಲ್ದು.”

“ಹಂಗಾರ ಕೂಸಿನ್ನ ಕೊಡ್ರಿ ಇತ್ತ.”

ಕೊಡಲಿಲ್ಲ. ನಡೆಯುತ್ತೇನೆಂದು ಮೂರು ವಾರ ಹಟ ಹಿಡಿದ ನಾನು, ಊಟಕ್ಕೆ ಕರೆದರೂ ಅಲ್ಲಿಂದ ಏಳಲಿಲ್ಲ.