ಹಿಮದ ಮರಕ್ಕೆ ಉಡಿ ತುಂಬಿದ್ದು

ನೂಲಿಗೆ ಗಂಜಿ ಹಚ್ಚುವುದರಲ್ಲಿ, ಹಚ್ಚಿದ ಗಂಜಿಯನ್ನು ತೊಳೆದು ತೆಗೆಯುವುದರಲ್ಲಿ ಗಜೇಂದ್ರಗಡದ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ನನ್ನ ಮಾತಲ್ಲ, ಓಣಿಯವರೇ ಹೇಳುತ್ತಿದ್ದ ಮಾತು. ಹೋದ ಕ್ರಿಸ್ಮಸ್‌ವರೆಗೂ ಹೇಳುತ್ತಿದ್ದರು. ಈಗ ನಾನು ಎದುರಿಗೆ ಬಂದರೆ ಸೆರಗು ಬಾಯಿಗಿಟ್ಟುಕೊಂಡು ಬೇರೆ ಮಾತು ತೆಗೆಯುತ್ತಾರೆ.

ನಮ್ಮದು ಕೈಮಗ್ಗದ ಮನೆ. ಪಡಸಾಲೆಯಲ್ಲಿ ಮಗ್ಗ, ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವ ನಮ್ಮ ಮನೆಯವರು, ಅವರಿಗೆ ನೂಲು ಸುತ್ತಿಕೊಡುವ ನಾನು. ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಲವೀನಾ ಇದ್ದಾಳೆ. ಮಂಗಳೂರು ಕಡೆಯ ಹುಡುಗಿ, ಇಲ್ಲಿನ ದವಾಖಾನೆಯಲ್ಲಿ ನರ್ಸು. ನನಗೆ ಹೆಣ್ಣುಮಕ್ಕಳಿಲ್ಲ. ನನ್ನ ಕೆಂಪು ಖಾರದ ರೊಟ್ಟಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಕೇಳುವ ಹುಡುಗಿಯನ್ನು ಬಾಡಿಗೆಯವಳು ಅಂತ ಹ್ಯಾಗೆ ಅನ್ನಲಿ? ಮಳೆಗಾಲದಲ್ಲಿ ಅವಳ ತಾಯಿ ತೀರಿಕೊಂಡರು. ಊರಿಗೆ ಹೋಗಿ ಬಂದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿಲ್ಲ.

ಕ್ರಿಸ್ಮಸ್‌ಗೆ ರಜೆ ಸಿಗಲಿಲ್ಲ. ಅವಳ ಅಣ್ಣ ಬಸ್ಸಿನಲ್ಲಿ ಒಂದು ಉದ್ದನೆಯ ಡಬ್ಬಿ ಕಳಿಸಿದ. ಅದೇ ದಿನ ಅವಳು ಮೂರು ದಿನದ ಕೆಲಸಕ್ಕೆ ನರೇಗಲ್ಲಿಗೆ ಹೊರಟು ನಿಂತಿದ್ದಳು.

"ಆಂಟಿ, ಇದು ನಮ್ಮ ಅಮ್ಮನ ಕ್ರಿಸ್ಮಸ್ ಮರ. ಇಲ್ಲೇ ಇರ್ಲಿ. ಹಬ್ಬದ ಹಿಂದಿನ ದಿನ ಸಂಜೆ ಬರ್ತೇನಲ್ಲ, ನಾನೇ ಕಟ್ತೇನೆ" ಅಂದು ಬಸ್ಸು ಹತ್ತಿದಳು.

ಬುದ್ಧಿ ಇದ್ದವರು ಡಬ್ಬಿಯನ್ನು ಹಾಗೇ ಇಡುತ್ತಿದ್ದರು. ನಾನು ಕತ್ತರಿ ತಂದೆ. ಬರುವಷ್ಟರಲ್ಲಿ ಮರ ಸಿಂಗಾರವಾಗಿ ನಿಂತಿದ್ದರೆ ಕೂಸು ಒಂದು ಸಲವಾದರೂ ನಗುತ್ತದಲ್ಲ, ಅಷ್ಟೇ ನನ್ನ ಲೆಕ್ಕ.

ಒಳಗೆ ಹಸಿರು ಅಂಚಿನ ಹಳೆಯ ಸೀರೆಯೊಂದರಲ್ಲಿ ಸುತ್ತಿದ ಪ್ಲಾಸ್ಟಿಕ್ ಮರ. ಮೂರು ತುಂಡು, ಜೋಡಿಸಿದರೆ ನನ್ನಷ್ಟೇ ಎತ್ತರ. ಎಲೆಗಳ ತುದಿಗೆಲ್ಲ ಹಳದಿ ಬಣ್ಣಕ್ಕೆ ತಿರುಗಿದ ಏನೋ ಒಂದು ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ. ಪುಡಿಪುಡಿಯಾಗಿ ಉದುರಿತು. ಮೂವತ್ತು ವರ್ಷ ನೂಲು ಮುಟ್ಟಿದ ಕೈಗೆ ಇನ್ನೇನು ಅನುಮಾನ?

"ರೀ, ಇದಕ್ಕ ಹಳೇ ಗಂಜಿ ಕಟ್ಟೇತ್ರಿ!"

"ಮಂದಿ ಸಾಮಾನ. ಸುಮ್ನ ಬಿಡು" ಎಂದರು ಮಗ್ಗದಿಂದ ಕತ್ತೆತ್ತದೆ.

"ಪಾಪ, ಆ ತಾಯಿಗೆ ಮೈಯಾಗ ಆರಾಮಿದ್ದಿಲ್ಲ, ತೊಳಿಯೂದು ಆಗಿಲ್ಲ. ನಾ ತೊಳದ ಇಡತೀನಿ."

ಟೀವಿಯಲ್ಲಿ ಇಂಥ ಮರ ನಾನು ನೋಡಿಲ್ಲವೆಂದಲ್ಲ. ಅವುಗಳ ಮೇಲೆ ಬಿಳುಪು ಫಳಫಳ ಹೊಳೆಯುತ್ತದೆ. ಈ ಹಳದಿಗೂ ಅದಕ್ಕೂ ಸಂಬಂಧ ಕಲ್ಪಿಸುವಷ್ಟು ನನ್ನ ತಲೆ ಓಡಲಿಲ್ಲ! ಬಿಸಿನೀರಿಗೆ ಸೋಡಾ ಹಾಕಿ, ಮರವನ್ನು ಮುಳುಗಿಸಿ, ಬ್ರಷ್ಷಿನಿಂದ ಒಂದೊಂದು ಎಲೆ ತಿಕ್ಕಿ, ಮೂರು ನೀರು ಮಾಡಿದೆ. ಹಿತ್ತಲಲ್ಲಿ ನೂಲು ಒಣಹಾಕುವ ಗಳದ ಮೇಲೆ ಹಾಕಿದಾಗ ಅದು ಅಚ್ಚ ಹಸಿರು. ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಿದ್ದಾಗ ಫೋನು ಬಂತು.

"ಆಂಟಿ, ಒಂದು ಮಾತು ಮರೆತೆ. ಮರವನ್ನು ಮುಟ್ಟಬೇಡಿ ಆಯ್ತಾ? ಅದರ ಮೇಲಿನ ಹಿಮ ಉದುರ್ತದೆ. ಉದುರಬಾರದು ಅಂತ ಅಮ್ಮ ಪ್ರತಿ ವರ್ಷ ತಮ್ಮ ಸೀರೆಯಲ್ಲೇ ಸುತ್ತಿ ಇಡ್ತಿದ್ದರು. ಅಮ್ಮನ ಕೈ ಮುಟ್ಟಿದ್ದು ಅಂತ ನನಗೆ ಉಳಿದದ್ದು ಅದೊಂದೇ."

ಗಳದ ಮೇಲಿಂದ ಹಸಿರು ಹನಿ ತೊಟ್ಟಿಕ್ಕುತ್ತಿತ್ತು. "ಹೂಂ ಯವ್ವಾ" ಎಂದೆ. ಬಚ್ಚಲಿಗೆ ಓಡಿ ನೋಡಿದೆ. ಸತ್ತ ತಾಯಿಯ ಹಿಮ ಚರಂಡಿ ಸೇರಿ ಎಷ್ಟೋ ಹೊತ್ತಾಗಿತ್ತು.

ಪಕ್ಕದ ಮನೆಯ ಮಾಬೂಬಿಯನ್ನು ಕೂಗಿದೆ. ಅವಳ ಗಂಡ ಹತ್ತಿ ಹಿಂಜಿ ಗಾದಿ ಮಾಡುವವರು. ವಿಷಯ ಕೇಳಿದವಳು ಕೆನ್ನೆಕೆನ್ನೆ ಬಡಿದುಕೊಂಡು, ಒಂದು ಚೀಲ ಹಿಂಜಿದ ಹತ್ತಿ ತಂದಳು. ನಾನು ಅಕ್ಕಿಗಂಜಿ ಕಾಯಿಸಿದೆ, ನೂಲಿಗೆ ಹಚ್ಚುವುದಕ್ಕಿಂತ ಎರಡು ಪಟ್ಟು ಗಟ್ಟಿ. ಎಲೆಎಲೆಗೂ ಗಂಜಿ ಬಳಿದು, ಮೇಲೆ ಹತ್ತಿ ಅಂಟಿಸಿದೆವು. ತುದಿಯ ನಕ್ಷತ್ರ ಸಿಗಲಿಲ್ಲ, ಒಂದು ದೊಡ್ಡ ಹತ್ತಿಯ ಉಂಡೆ ಇಟ್ಟೆ. ಡಬ್ಬಿಯಲ್ಲಿದ್ದ ಪುಟ್ಟ ಗಂಟೆಗಳನ್ನು ಕಟ್ಟಿದೆ, ಬಣ್ಣದ ದೀಪದ ಸರ ಸುತ್ತಿ ಪ್ಲಗ್ಗಿಗೆ ಸಿಕ್ಕಿಸಿದೆ. ಕೆಳಗಿನ ಮೂರು ಕಾಲು ಕಾಣದಿರಲೆಂದು ಆ ಹಸಿರು ಅಂಚಿನ ಸೀರೆಯನ್ನು ಬುಡಕ್ಕೆ ಉಡಿಸಿದೆ. ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿ, ಕೈ ತೊಳೆಯಲು ಒಳಗೆ ಹೋದೆ. ದೀಪ ಹಚ್ಚುವ ಹೊತ್ತು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದು ನಮ್ಮಲ್ಲಿ ಪದ್ಧತಿ. ಹೋಯಿತು.

ಇನ್ನಷ್ಟು ಹತ್ತಿ ತರಲು ಹೋಗಿದ್ದ ಮಾಬೂಬಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಕ್ಕಾ, ಬೀಗರು ಬಂದಾರೇನು?"

"ಯಾರೂ ಬಂದಿಲ್ಲಲ್ಲ."

"ಮತ್ತ ಮೂಲ್ಯಾಗ ನಿಂತ ಆ ಮುದುಕಿ ಯಾರು?"

ನಾನು ಹೊರಗೆ ಬಂದು ನೋಡಿದೆ. ನೋಡಬಾರದಿತ್ತು. ಲವೀನಾಳನ್ನು ಮೊದಲ ಸಲ ಬಿಟ್ಟುಹೋಗಲು ಅವಳ ತಾಯಿ ಬಂದಿದ್ದರು. ತೆಳ್ಳನೆಯ ಹೆಂಗಸು, ಬೆಳ್ಳಗಿನ ಕೂದಲು, ಎಡಹೆಗಲು ತುಸು ಇಳಿದಿತ್ತು. ಇದೇ ಮೂಲೆಯಲ್ಲಿ ನಿಂತು, "ಮಗಳನ್ನು ನೋಡಿಕೊಳ್ಳಿ" ಅಂದಿದ್ದರು. ಈಗ ಅದೇ ಮೂಲೆಯಲ್ಲಿ, ಅವರದೇ ಸೀರೆಯಲ್ಲಿ, ಬೆಳ್ಳಗಿನ ತಲೆ, ಇಳಿದ ಎಡಹೆಗಲು. ಮರದ ಒಂದು ಕಾಲು ಸೊಟ್ಟಗಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದರೂ ತಲೆಯ ಮೇಲೆ ಸೆರಗು ಹೊದ್ದುಕೊಂಡೆ.

"ಹತ್ತಿ ಅದು. ನೀನ ತಂದದ್ದು" ಎಂದೆ.

"ನಾ ತಂದ ಹತ್ತಿಗೆ ಕಣ್ಣ ಇರಲಿಲ್ಲ" ಎಂದು ಮಾಬೂಬಿ ಚೀಲ ಅಲ್ಲೇ ಬಿಟ್ಟು ಹೋದಳು.

ಮರುದಿನದಿಂದ ಮರ ನಡೆಯತೊಡಗಿತು.

ಬೆಳಿಗ್ಗೆ ಮೂಲೆಯಲ್ಲಿದ್ದದ್ದು ಊಟದ ಹೊತ್ತಿಗೆ ನೆಲದ ಒಂದು ಪರಸಿ ಕಲ್ಲು ದಾಟಿ ಈಚೆ ನಿಂತಿತ್ತು. ಮನೆಯವರು ಸರಿಸಿರಬೇಕೆಂದು ನಾನು ಸುಮ್ಮನಾದೆ. ನಾನು ಸರಿಸಿರಬೇಕೆಂದು ಅವರು ಸುಮ್ಮನಾದರು. ಸಂಜೆ ಚಹಾ ಕುಡಿಯುವಾಗ ಇಬ್ಬರೂ ಒಟ್ಟಿಗೇ ಬಾಯಿಬಿಟ್ಟೆವು.

"ಅದನ್ನ ಯಾಕ ಸರಸಾಕತ್ತಿ?"

"ನಾ ಎಲ್ಲಿ ಸರಸೀನ್ರಿ? ನೀವ..."

ಚಹಾ ಆರಿತು. ಇಬ್ಬರೂ ಕುಡಿಯಲಿಲ್ಲ.

ನಾನು ಅಷ್ಟಕ್ಕೇ ಬಿಡುವವಳಲ್ಲ. ವೈಜ್ಞಾನಿಕವಾಗಿ ಪರೀಕ್ಷಿಸಲು ನಿರ್ಧರಿಸಿದೆ! ಮರುದಿನ ಬೆಳಿಗ್ಗೆ ಮರದ ಮೂರು ಕಾಲಿನ ಸುತ್ತ ರಂಗೋಲಿಯಿಂದ ಮೂರು ಸುತ್ತು ಎಳೆದೆ. ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತೆ. ಹೊರಗೆ ಮಗ್ಗ ಡಗ್ ಡಗ್ ಎನ್ನುತ್ತಿತ್ತು. ಅದು ನಿಂತಿತು. ಮನೆಯೆಲ್ಲ ಗಪ್ಪಾಯಿತು. ಆ ಗಪ್ಪಿನಲ್ಲಿ ಗಂಟೆಯೊಂದು ತಾನಾಗಿ, ಒಂದೇ ಸಲ, ಟಿಣ್ ಅಂದಿತು.

ಬಂದು ನೋಡಿದೆ. ರಂಗೋಲಿಯ ಮೂರು ಸುತ್ತು ಖಾಲಿ. ಮರ ಅಲ್ಲಿಂದ ಎರಡು ಗೇಣು ದೂರ, ಮಗ್ಗದತ್ತ ಮುಖ ಮಾಡಿ ನಿಂತಿತ್ತು. ಅದು ಬಂದ ದಾರಿಯುದ್ದಕ್ಕೂ ನೆಲದ ಮೇಲೆ ಬಿಳಿಯ ತೊಟ್ಟುಗಳು. ಮನೆಯವರು ಬೆನ್ನು ತಿರುಗಿಸಿ ಹರಿದ ಎಳೆಗೆ ಗಂಟು ಹಾಕುತ್ತಿದ್ದರು, ಅವರಿಗೆ ಏನೂ ತಿಳಿದಿರಲಿಲ್ಲ. ಮಗ್ಗ ಮತ್ತೆ ಶುರುವಾಯಿತು. ನಾನು ಅಡುಗೆಮನೆಗೆ ಹೋಗಿ ಕದ ಹಾಕಿಕೊಂಡೆ. ಗಂಡನನ್ನು ಅಲ್ಲೇ ಬಿಟ್ಟದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಮಧ್ಯಾಹ್ನ ಹೊರಗಿನಿಂದ ಒಂದು ಚೀರು ಕೇಳಿಸಿತು. ಮಂಡಿನೋವೆಂದು ಕುಣಿಯಿಂದ ಏಳಲು ಹತ್ತು ನಿಮಿಷ ತೆಗೆದುಕೊಳ್ಳುವ ಮನುಷ್ಯ ಒಂದೇ ಜಿಗಿತಕ್ಕೆ ಅಡುಗೆಮನೆಯ ಕದಕ್ಕೆ ಬಂದು ಬಿದ್ದಿದ್ದರು.

"ಕೊರಳಿಗಿ ಕೈ ಹಾಕಿದ್ರು! ತಣ್ಣನ ಕೈ! ಮೆತ್ತಗ ಸವರಿದ್ರು!"

ಮಾಬೂಬಿಯನ್ನು ಕರೆಸಿ ಮೂವರೂ ಅಡುಗೆಮನೆಯಲ್ಲಿ ಸಭೆ ಸೇರಿದೆವು. ಆ ತಾಯಿ ತಮ್ಮ ಹಿಮ ಕೇಳಲು ಬಂದಿದ್ದಾರೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಸಂಜೆ ಲವೀನಾ ಬರುತ್ತಾಳೆ. ಅವಳ ಮುಖ ನೋಡುವ ಮೊದಲು ಅವಳ ತಾಯಿಯನ್ನು ಸಮಾಧಾನ ಮಾಡಿ ಕಳಿಸಬೇಕು. ಹೇಗೆ?

"ಬಂದ ಪಾವಣೇರು ಯಾವ ಜಾತಿ ಆದರೇನಕ್ಕ? ಮನಿಗಿ ಬಂದ ಹೆಣಮಗಳ್ನ ಬರಿಗೈಲೆ ಕಳಸ್ತಾರೇನು?" ಎಂದಳು ಮಾಬೂಬಿ.

ಹೌದಲ್ಲ! ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬಿ ಕಳಿಸುವುದು ನಮ್ಮಲ್ಲಿ ಬಿಡದ ಪದ್ಧತಿ. ಲವೀನಾಳ ಅಪ್ಪ ಊರಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಅಂದರೆ ಆಕೆ ಮುತ್ತೈದೆಯಾಗಿಯೇ ಹೋದವರು. ಶಾಸ್ತ್ರಕ್ಕೆ ಏನೂ ಅಡ್ಡಿಯಿಲ್ಲ. ಹೊಸ ಕುಬಸದ ಖಣದಲ್ಲಿ ಐದು ಹಿಡಿ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು, ದೊಡ್ಡದೊಂದು ತೆಂಗಿನಕಾಯಿ ಇಟ್ಟು ಗಂಟು ಕಟ್ಟಿದೆ.

ಸಂಜೆಯಾಯಿತು. ಕರೆಂಟು ತನ್ನ ಪದ್ಧತಿ ಬಿಡಲಿಲ್ಲ. ಮಗ್ಗದ ಹತ್ತಿರ ಆ ಬೆಳ್ಳಗಿನ ಆಕೃತಿ ಅಲುಗದೆ ನಿಂತಿತ್ತು. ಬಾಗಿಲಲ್ಲಿ ಮನೆಯವರು ಮತ್ತು ಮಾಬೂಬಿ, ಇಬ್ಬರೂ ಓಡಲು ತಯಾರಾಗಿ ಒಂದು ಕಾಲು ಹೊರಗಿಟ್ಟೇ ನಿಂತಿದ್ದರು. ನಾನು ಹಣೆ ಇರಬೇಕಾದ ಕಡೆಗೆ ಕುಂಕುಮ ಹಚ್ಚಿದೆ. ಉಡಿಯ ಗಂಟನ್ನು ಎದುರಿನ ಟೊಂಗೆಗೆ ಕಟ್ಟಿ, ಕೈಮುಗಿದು ಬಾಗಿದೆ.

"ತಪ್ಪಾತ್ರಿ ಯವ್ವಾ. ಗಂಜಿ ಅಂತ ತಿಳದ ತೊಳದೆ. ಹೊಟ್ಟ್ಯಾಗ ಹಾಕ್ಕೋರಿ."

ಮರವೂ ಬಾಗಿತು! ಕಣ್ಣೆತ್ತಿದರೆ ಆ ಬೆಳ್ಳಗಿನ ತಲೆ ನಿಧಾನವಾಗಿ ನನ್ನ ಮುಖದ ಹತ್ತಿರ ಇಳಿದು ಬರುತ್ತಿತ್ತು. ಗಂಟೆಗಳೆಲ್ಲ ಒಟ್ಟಿಗೆ ಟಿಣಿಟಿಣಿ ಅಂದವು. ನಾನು ಕೂಗಲು ಬಾಯಿ ತೆರೆದೆ. ಬಾಯಿತುಂಬ ಹತ್ತಿ. ಮರ ನನ್ನನ್ನು ಅಪ್ಪಿಕೊಂಡೇ ನೆಲಕ್ಕೆ ಬಿತ್ತು. ಚಳಿಗೆ ಗಂಜಿ ಎರಡು ದಿನವಾದರೂ ಆರಿರಲಿಲ್ಲ. ನಾನು ಹೊರಳಾಡಿದೆ, ಕಾಲು ಝಾಡಿಸಿದೆ, ದೀಪದ ಸರ ಕೊರಳಿಗೆ ಸುತ್ತಿಕೊಂಡಿತು. ಹೇಗೋ ಬಿಡಿಸಿಕೊಂಡು ಎದ್ದು ನಿಂತಾಗ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದು. ಲವೀನಾ ಒಳಗೆ ಬಂದಳು. ಕರೆಂಟೂ ಬಂತು.

ನಾಡಿ ನಿಂತವರನ್ನು ಕಂಡು ಹೆದರದ ನರ್ಸು, ನನ್ನನ್ನು ಕಂಡು "ಯೇಸುವೇ!" ಎಂದು ಚೀರಿ ಗೋಡೆಗೆ ಒರಗಿದಳು. ನೆತ್ತಿಯಿಂದ ಪಾದದವರೆಗೆ ನಾನು ಬೆಳ್ಳಗೆ, ಮೈಮೇಲೆ ಕೆಂಪು ಹಸಿರು ದೀಪಗಳು ಉರಿದು ಆರುತ್ತಿದ್ದವು.

"ನಾ ಯವ್ವಾ, ನಾ" ಎಂದೆ, ಹತ್ತಿ ಉಗುಳುತ್ತ. ಕಾಲಬುಡದಲ್ಲಿ ಹಸಿರು ಮರ ಬೋಳಾಗಿ ಬಿದ್ದಿತ್ತು. ಅವಳು ಅದನ್ನು ನೋಡಿದಳು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ನಿಮ್ಮವ್ವನ ಹಿಮ ನಾ ತೊಳದಬಿಟ್ಟೆ. ಸೋಡಾ ಹಾಕಿ."

"ಎಲ್ಲಾ ಹೋಯ್ತಾ?"

"ಎಲ್ಲಾ."

ಲವೀನಾ ನೆಲದ ಮೇಲೆ ಕೂತಳು. ಬೋಳು ಟೊಂಗೆಯೊಂದನ್ನು ಬೆರಳಿನಿಂದ ಸವರಿದಳು. ಅಷ್ಟು ದೊಡ್ಡ ತಪ್ಪು ನಾನು ಜೀವನದಲ್ಲಿ ಮಾಡಿರಲಿಲ್ಲ, ಅದನ್ನು ಪ್ರೀತಿಯಿಂದಲೇ ಮಾಡಿದ್ದೆ ಎಂಬುದು ಇನ್ನೂ ಸಂಕಟ. ನನಗೆ ಅಳು ಬಂತು. ಕೊನೆಗೆ ಅವಳು ನನ್ನ ಸೊಂಟಕ್ಕೆ ಸಿಕ್ಕಿಕೊಂಡಿದ್ದ ಗಂಟನ್ನು ಮುಟ್ಟಿದಳು.

"ಇದೇನು ಆಂಟಿ, ತೆಂಗಿನಕಾಯಿ?"

"ನಿಮ್ಮವ್ವಗ ಉಡಿ ತುಂಬಿದ್ದೆ. ಎರಡ ದಿನದಿಂದ ಸಿಟ್ಟಿನಾಗ ಮನಿತುಂಬ ಅಡ್ಡ್ಯಾಡಾಕತ್ತಿದ್ರು. ಬರಿಗೈಲೆ ಹ್ಯಾಂಗ ಕಳಸಲಿ?"

"ನನ್ನ ಕೊರಳ ಮುಟ್ಟಿ ಮಾತಾಡಸಿದ್ರು" ಎಂದು ಮನೆಯವರು ಬಾಗಿಲಿನಿಂದಲೇ ಸಾಕ್ಷಿ ಹೇಳಿದರು.

ಲವೀನಾ ಅವರತ್ತ ತಿರುಗಿದಳು. "ನಮ್ಮ ಅಮ್ಮನಿಗೆ ನಾಲ್ಕು ಹೆಜ್ಜೆ ನಡೆದರೆ ದಮ್ಮು ಬರ್ತಿತ್ತು ಮಾರಾಯ್ರೆ. ಬಸ್ಸಿಲ್ಲದೆ ಗಜೇಂದ್ರಗಡಕ್ಕೆ ಬರ್ತಾರಾ?" ಎಂದವಳೇ ನಕ್ಕಳು. ನಕ್ಕಳು ಅಂದರೆ, ಹೊಟ್ಟೆ ಹಿಡಿದುಕೊಂಡು, ನೆಲ ಬಡಿದು, ಆರು ತಿಂಗಳ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ನಕ್ಕಳು. ನಗುತ್ತ ನಗುತ್ತ ಅಳು ಬಂತು. ನನ್ನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತಲೆ ಎತ್ತಲು ನೋಡಿದಳು, ಬರಲಿಲ್ಲ. ಗಂಜಿ ಹಾಗಿತ್ತು! ಮಾಬೂಬಿ ಬಿಸಿನೀರು ತಂದು ನಮ್ಮಿಬ್ಬರನ್ನು ಬೇರೆ ಮಾಡಿದಳು.

ಮರ ನಡೆದದ್ದನ್ನು ಮಾತ್ರ ಅವಳು ನಂಬಲಿಲ್ಲ. "ನಡೆದಾಗ ಮಾವ ಏನು ಮಾಡ್ತಿದ್ದರು?" ಎಂದು ಕೇಳಿದಳು. "ನೇಯಾಕತ್ತಿದ್ರು" ಎಂದೆ. "ಈಗಲೂ ನೇಯಿರಿ, ನೋಡುವ" ಎಂದಳು. ಮನೆಯವರು ಹಿಂದೆ ಮುಂದೆ ನೋಡುತ್ತ ಕುಣಿಗಿಳಿದು ನಾಲ್ಕು ಏಟು ಹಾಕಿದರು. ಒಂದೊಂದು ಏಟಿಗೂ ನೆಲದ ಪರಸಿ ಅದುರಿತು. ಪಕ್ಕಕ್ಕೆ ತೆಗೆದಿಟ್ಟಿದ್ದ ಆ ಮೂರು ಕಾಲಿನ ಪ್ಲಾಸ್ಟಿಕ್ ಪೀಠ, ನಮ್ಮೆಲ್ಲರ ಕಣ್ಣೆದುರೇ, ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಮಗ್ಗದ ಕಡೆಗೆ ಹೊರಟಿತು!

"ನನ್ನ ಏಟಂದ್ರ ಏನಂತ ತಿಳಿದೀರಿ?" ಎಂದು ನಮ್ಮ ಮನೆಯವರು ಮೀಸೆ ತಿರುವಿದರು. ಮಧ್ಯಾಹ್ನದ ಚೀರು ಯಾರದೆಂದು ನಾನು ಕೇಳಲಿಲ್ಲ.

ಬಿದ್ದ ಹಸಿರು ಮರದ ಪಕ್ಕ ನನ್ನನ್ನು ಹತ್ತಿ, ದೀಪದ ಸಮೇತ ಹಾಗೇ ನಿಲ್ಲಿಸಿ ಲವೀನಾ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಅಣ್ಣನಿಗೆ ಕಳಿಸಿದಳು. ಎರಡು ನಿಮಿಷಕ್ಕೆ ಅವನ ಉತ್ತರ ಬಂತು. ಅವಳು ಓದಿದಳು: "ಅಮ್ಮನ ಮರ ಚಂದ ನಿಲ್ಲಿಸಿದ್ದೀ. ಹಿಮ ಒಂಚೂರೂ ಉದುರಿಲ್ಲ. ಅದರ ಪಕ್ಕದಲ್ಲಿ ಬಿದ್ದ ಹಸಿರು ಗಿಡ ಯಾವುದು?"

ಕೆಳಗೆ ಇನ್ನೊಂದು ಸಾಲಿತ್ತು. ಅವಳು ಅದನ್ನು ಓದದೆ ಮೊಬೈಲು ಮುಚ್ಚಿಟ್ಟುಕೊಂಡಳು. ನಮ್ಮ ಮನೆಯವರು ಕಸಿದುಕೊಂಡು, ಓಣಿಗೆಲ್ಲ ಕೇಳುವ ಹಾಗೆ ಓದಿದರು: "ಮರ ಯಾಕೆ ಇಷ್ಟು ದಪ್ಪ ಆಗಿದೆ?"